ಸುತ್ತಿಗೆ ಬೇಡ

ತರೀಕೆರೆ ಗ್ಯಾರೇಜಿನಲ್ಲಿ ಅಪ್ಪನ ಹಳೇ ಡೀಸೆಲ್ ಕಾರಿನ ಎಂಜಿನ್ ಬಿಚ್ಚಿ, ಬೋರ್ ಮಾಡಿಸಿ, ಮತ್ತೆ ಕಟ್ಟಿದ್ದಾಯ್ತು. ಉಳಿದದ್ದು ಕ್ರ್ಯಾಂಕ್ ತುದಿಯ ಡ್ಯಾಂಪರ್ ಪುಲ್ಲಿ. ಬಿಗಿ ಇತ್ತು. ಮರುದಿನ ಅಮ್ಮನನ್ನ ಕಡೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಅಜ್ಜಂಪುರದ ಮಾವ, "ಎರಡೇಟು ಹಾಕಿ ಮೇಸ್ತ್ರಿ, ಕೂರುತ್ತೆ" ಅಂದರು.

"ಕೂರುತ್ತೆ ಸಾರ್. ಆದ್ರೆ ಹಬ್ಬಿಗೂ ಹೊರಗಿನ ಬಳೆಗೂ ನಡುವೆ ರಬ್ಬರ್ ಇದೆ. ಒಂದೊಂದು ಸಿಲಿಂಡರ್ ಹೊಡೆದಾಗಲೂ ಕ್ರ್ಯಾಂಕ್ ತಿರುಚುತ್ತೆ, ಆ ನಡುಕ ನುಂಗೋದು ಅದೇ. ಏಟು ಬಿದ್ರೆ ರಬ್ಬರ್ ಬಿಡುತ್ತೆ, ಥ್ರಸ್ಟ್ ಬೇರಿಂಗೂ ಪೆಟ್ಟು ತಿನ್ನುತ್ತೆ."

ಸ್ಕ್ರೂ ಟೂಲ್ ಶಿವಮೊಗ್ಗದಿಂದ ಬರಬೇಕಾಯ್ತು. ಸೀಲಿಗೆ ಆಯಿಲ್ ಸವರಿ, ಕೀ ಹೊಂದಿಸಿ, ನಿಧಾನಕ್ಕೆ ಎಳೆದು ಕೂರಿಸಿದರು. ಅಮ್ಮ ಒಂದು ದಿನ ತಡವಾಗಿ ಹೋದರು. ಕಾರು ಬೀರೂರು ದಾಟಿದರೂ ಅದುರಲಿಲ್ಲ.

ನಮ್ಮ ಆಫೀಸುಗಳಲ್ಲಿ ಶುಕ್ರವಾರದ ರಿಲೀಸ್ ಕೂರೋದು ಏಟಿನಿಂದಲೇ. ಒಳಗೇನು ಬಿಟ್ಟಿದೆ ಅಂತ ಹೇಳೋದು ಸೋಮವಾರ.