ಎಕ್ಸ್ ಎಂಬ ಅಕ್ಷರದ ಎರಡು ಅರ್ಥ

ಓಲೆಗರಿ ಪ್ರತಿಗಳ ಛಾಯಾಚಿತ್ರಗಳನ್ನೂ ಅವುಗಳ ಲಿಪ್ಯಂತರವನ್ನೂ ಲಿನಕ್ಸ್ ಗಣಕದಲ್ಲಿ ಇರಿಸಿಕೊಂಡಿದ್ದ ಸಂಶೋಧಕಿಯೊಬ್ಬರು, ಅದೇ ಗಣಕವನ್ನು ಬಳಸುವ ಇತರರು ಅವನ್ನು ಓದಲಿ, ಆದರೆ ತಿದ್ದದಿರಲಿ ಎಂದು ಬಯಸಿದರು. ಅದಕ್ಕೆ ತಕ್ಕ ಸಂಖ್ಯೆ 644 ಎಂಬುದು ಅವರಿಗೆ ತಿಳಿದಿತ್ತು: ಒಡೆಯರಿಗೆ ಓದುವ, ಬರೆಯುವ ಹಕ್ಕು, ಗುಂಪಿನವರಿಗೂ ಉಳಿದವರಿಗೂ ಬರಿಯ ಓದು. ಇಡೀ ಫೋಲ್ಡರಿಗೆ, ಅದರೊಳಗಿನ ಸಮಸ್ತಕ್ಕೂ ಅನ್ವಯಿಸುವಂತೆ, ಚ್‌ಮಾಡ್ ಆಜ್ಞೆಯನ್ನು ಕೊಟ್ಟರು. ಪರದೆಯ ತುಂಬ ಅನುಮತಿ ಇಲ್ಲವೆಂಬ ದೂರುಗಳು. ಪಟ್ಟಿ ತೆಗೆದು ನೋಡಿದರೆ ಕಡತಗಳ ಹೆಸರುಗಳಿವೆ. ಗಾತ್ರ, ದಿನಾಂಕ, ಒಡೆತನಗಳ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ. ಮೂರು ವರ್ಷಗಳ ಕೆಲಸ ಕಣ್ಣಿಗೆ ಕಾಣುತ್ತಿದ್ದರೂ ಕೈಗೆ ಸಿಗದಾಯಿತು.

ಆಜ್ಞೆಯೇ ಕೆಟ್ಟಿದೆಯೆಂದು ಯಾರಿಗಾದರೂ ಅನ್ನಿಸುವಂಥ ಸ್ಥಿತಿ. ವಾಸ್ತವದಲ್ಲಿ ಅದು ಹೇಳಿದ್ದನ್ನೇ ಮಾಡಿತ್ತು. ಯುನಿಕ್ಸಿನಲ್ಲಿ ಕಡತಕ್ಕೆ ಅಂಟಿದ ಎಕ್ಸ್ ಅಕ್ಷರಕ್ಕೆ, ಇದನ್ನು ಪ್ರೋಗ್ರಾಮಾಗಿ ನಡೆಸಬಹುದು ಎಂದರ್ಥ. ಫೋಲ್ಡರಿಗೆ ಅಂಟಿದ ಅದೇ ಅಕ್ಷರಕ್ಕೆ, ಇದರ ಮೂಲಕ ಒಳಹೋಗಬಹುದು ಎಂದರ್ಥ. ನಾನಾರ್ಥ ಪದವನ್ನು ಸಂದರ್ಭದಿಂದ ಬಿಡಿಸಿಕೊಳ್ಳುವ ಸಾಹಿತ್ಯದ ವಿದ್ಯಾರ್ಥಿಗೆ ಇದು ಅಪರಿಚಿತ ಸಂಗತಿಯೇನಲ್ಲ. ಎಕ್ಸ್ ಇಲ್ಲದೆ ಓದುವ ಹಕ್ಕು ಮಾತ್ರ ಉಳಿದ ಫೋಲ್ಡರೆಂದರೆ, ಗ್ರಂಥಸೂಚಿಯನ್ನು ಕೈಗಿತ್ತು ಪುಸ್ತಕದ ಕೋಣೆಗೆ ಬೀಗ ಜಡಿದಂತೆ. 644ರಲ್ಲಿ ಎಕ್ಸ್ ಎಲ್ಲಿಯೂ ಇಲ್ಲ. ಚ್‌ಮಾಡ್ ಮೊದಲು ಹೊರಗಿನ ಫೋಲ್ಡರನ್ನು ಬದಲಿಸಿ ಆಮೇಲೆ ಒಳಗಿಳಿಯುತ್ತದೆ. ಹಾಗಾಗಿ ತಾನು ಕೂತ ಕೊಂಬೆಯನ್ನೇ ಕಡಿದುಕೊಂಡಿತು. (1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲೇ ಈ ಆಜ್ಞೆಯಿದೆ, ಆಗ ಗುಂಪೆಂಬ ವರ್ಗವಿರಲಿಲ್ಲ, ಒಡೆಯ ಮತ್ತು ಇತರರು ಅಷ್ಟೆ.)

ಒಳಗಿನ ಕಡತಗಳನ್ನು ಆಜ್ಞೆ ಮುಟ್ಟಿಯೇ ಇರಲಿಲ್ಲ. ಹೊರಗಿನ ಫೋಲ್ಡರಿಗೆ 755 ಕೊಟ್ಟಿದ್ದರೆ ಎಲ್ಲವೂ ಮೊದಲಿನಂತಾಗುತ್ತಿತ್ತು. ಆದರೆ ಗಾಬರಿಯಲ್ಲಿ ಅವರು ಸುಡೋ ಸೇರಿಸಿ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರು. ರೂಟ್‌ಗೆ ಎಕ್ಸ್ ಇಲ್ಲದ ಬಾಗಿಲೂ ತೆರೆದೇ ಇರುತ್ತದೆ. ಈ ಸಲ ಒಂದು ದೂರೂ ಬರಲಿಲ್ಲ. ಒಳಗಿನ ಫೋಲ್ಡರುಗಳೆಲ್ಲವೂ 644 ಆದವು. ದೂರುಗಳಿಗಿಂತ ಈ ಮೌನವೇ ಹೆಚ್ಚು ಹಾನಿ ಮಾಡಿತು.

ಇಂಥಲ್ಲಿ ಹಲವರು ಸೂಚಿಸುವ 777 ಮದ್ದಲ್ಲ. ಅದು ಮೂಲಪಾಠವನ್ನು ಯಾರು ಬೇಕಾದರೂ ತಿದ್ದಲು ಬಿಡುತ್ತದೆ. ಸರಿಯಾದ ಉಪಾಯ ದೊಡ್ಡಕ್ಷರದ ಎಕ್ಸ್. ಫೋಲ್ಡರುಗಳಿಗೆ ಮತ್ತು ಆಗಲೇ ಎಕ್ಸ್ ಉಳ್ಳ ಕಡತಗಳಿಗೆ ಮಾತ್ರ ಅದು ಆ ಹಕ್ಕನ್ನು ಕೊಡುತ್ತದೆ. ಒಡೆಯರಿಗೆ ಓದು, ಬರಹ, ದೊಡ್ಡ ಎಕ್ಸ್. ಇತರರಿಗೆ ಓದು, ದೊಡ್ಡ ಎಕ್ಸ್ ಎಂದು ಕೊಟ್ಟೊಡನೆ ಬಾಗಿಲುಗಳು ತೆರೆದುಕೊಂಡವು.

ಎಲ್ಲವೂ ಮರಳಲಿಲ್ಲ. ಪಾಠಾಂತರ ಹೋಲಿಸಲು ಬರೆದುಕೊಂಡಿದ್ದ ಪುಟ್ಟ ಸ್ಕ್ರಿಪ್ಟ್‌ಗಳ ಎಕ್ಸ್ ಅಳಿದಿತ್ತು. ತಮಗಷ್ಟೇ ಕಾಣಲೆಂದು 600ರಲ್ಲಿಟ್ಟಿದ್ದ ಅಪ್ರಕಟಿತ ಟಿಪ್ಪಣಿಗಳು ಈಗ ಎಲ್ಲರ ಓದಿಗೂ ತೆರೆದಿದ್ದವು. ಓಲೆಯ ಮೇಲೆ ಲಿಪಿಕಾರ ಹೊಡೆದುಹಾಕಿದ ಅಕ್ಷರವೂ ಎಷ್ಟೋ ವೇಳೆ ಗುರುತು ಸಿಗುತ್ತದೆ. ಚ್‌ಮಾಡ್ ಅಳಿಸಿದ ಹಕ್ಕಿನ ಕುರುಹು ಎಲ್ಲಿಯೂ ಉಳಿಯುವುದಿಲ್ಲ. ಗೆಟ್‌ಫ್ಯಾಕಲ್ ಎಂಬ ಆಜ್ಞೆಯಿಂದ ಹಳೆಯ ಹಕ್ಕುಗಳ ಪಟ್ಟಿಯನ್ನು ಮೊದಲೇ ತೆಗೆದಿಡಬಹುದಿತ್ತು, ತೆಗೆದಿರಲಿಲ್ಲ. ಯಾವ ಕಡತವನ್ನು ಯಾರಿಂದ ಮರೆಮಾಡಿದ್ದೆನೆಂಬುದನ್ನು ನೆನಪಿನಿಂದಲೇ ಹೆಕ್ಕುತ್ತ, ಅವರು ಒಂದೊಂದನ್ನೇ ಮತ್ತೆ 600ಕ್ಕೆ ತರತೊಡಗಿದರು.