ಅವ್ವ ಮತ್ತು ಎರೆಮಣ್ಣು

ಅವ್ವನನ್ನು 'ದೇವರು' ಅನ್ನುವುದು ಸುಲಭ. ಮದರ್ಸ್ ಡೇ ಸ್ಟೇಟಸ್‌ಗೆ ಅಷ್ಟು ಸಾಕು. ದೇವರಿಗೆ ಮೊಣಕಾಲು ನೋಯಲ್ಲ ನೋಡಿ. ಪಿ. ಲಂಕೇಶರ 'ಅವ್ವ' ಕವಿತೆ ನನಗೆ ಹಿಡಿಸುವುದು ಇದಕ್ಕೇ. ಸಾವಿತ್ರಿ, ಜಾನಕಿಯರಂಥ ಸಿದ್ಧ ಹೋಲಿಕೆಗಳನ್ನು ಅದು ಹೆಸರು ಹಿಡಿದೇ ಬೇಡ ಅನ್ನುತ್ತದೆ. ತಾಯಿಯನ್ನು ಕರಿಮಣ್ಣು ಅನ್ನುತ್ತದೆ, ಕರಡಿಯ ಪಕ್ಕ ನಿಲ್ಲಿಸುತ್ತದೆ. ಮಣ್ಣಿನದು ಶಾಲೆಯಲ್ಲಿ ಉರು ಹೊಡೆದ ರೂಪಕಾಲಂಕಾರವೇ: 'ಹಾಗೆ', 'ಅಂತೆ' ಎಂಬ ಹಂಗಿಲ್ಲದೆ, ಇದೇ ಅದು ಅಂದುಬಿಡುವುದು.

ಕಾರಟಗಿ ಕಡೆಯ ನಮಗೆ ಆ ರೂಪಕ ಇನ್ನೊಂದು ಮಗ್ಗುಲು ತೋರಿಸುತ್ತದೆ. ಇಲ್ಲಿಯ ಎರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಭತ್ತ ಕೊಡುತ್ತದೆ. ಕಾಲುವೆ ಬಂದ್ ಆದ ಬೇಸಿಗೆಯಲ್ಲಿ ಅದೇ ನೆಲ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಎಪ್ಪತ್ತು ದಾಟಿದ ನನ್ನವ್ವನ ಹಿಮ್ಮಡಿ ನೋಡಿದರೆ ನೆನಪಾಗುವುದು ಬೆಳೆಯಲ್ಲ, ಆ ಬಿರುಕು. ಕರೆದರೆ, "ಬೆಂಗ್ಳೂರಾಗ ನಾ ಏನ್ ಮಾಡ್ಲಿ?" ಅಂತಾಳೆ. ಮೂರನೇ ಮಹಡಿಯ ಬಾಲ್ಕನಿಗೆ ಒಂದು ಕುಂಡ ಮಣ್ಣು ತರಬಹುದು, ಅಷ್ಟೇ.

ಕವಿತೆಯ ಕೊನೆಗೆ ಸಾವು ಬರುತ್ತದೆ, ದಿನದ ಕೆಲಸಕ್ಕೆ ಎದ್ದು ನಡೆದಷ್ಟು ಸಹಜವಾಗಿ. ಅಲ್ಲಿರುವುದು ಒಂದು ಸಾದಾ ಉಪಮೆ. ಅವ್ವನಿಗೆ ಕವಿತೆ ಓದಿ ಹೇಳುವಾಗ ಅಷ್ಟೊತ್ತಿಗೆ ನಿಲ್ಲಿಸಿಬಿಡುತ್ತೇನೆ.