ಮಲಗಿದಲ್ಲೇ ಒಂದು ಟೆನಿಸ್ ಆಟ

ಲಂಡನ್ನಿನಿಂದ ಉತ್ತರಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ ಸಾಗಿದರೆ ಕೇಂಬ್ರಿಜ್ ಸಿಗುತ್ತದೆ. ಕ್ಯಾಮ್ ನದಿಯಲ್ಲಿ ಉದ್ದನೆಯ ಗಳು ಊರಿ ನಡೆಸುವ ದೋಣಿಗಳು, ನ್ಯೂಟನ್ ಓದಿದ ಟ್ರಿನಿಟಿ ಕಾಲೇಜು, ಎಲ್ಲೆಲ್ಲೂ ಸೈಕಲ್ಲುಗಳು. ಪ್ರವಾಸಿಗರು ಇಷ್ಟನ್ನು ನೋಡಿ ಮರಳುತ್ತಾರೆ. ಆದರೆ ಊರಿನ ದಕ್ಷಿಣಕ್ಕೆ, ಹಿಲ್ಸ್ ರಸ್ತೆಯ ಕೊನೆಯಲ್ಲಿ, ವಿಜ್ಞಾನದ ವಿದ್ಯಾರ್ಥಿಗಳು ತಿಳಿಯಲೇಬೇಕಾದ ಇನ್ನೊಂದು ಜಾಗವಿದೆ. ಅದು ಆಡೆನ್‌ಬ್ರೂಕ್ಸ್ ಆಸ್ಪತ್ರೆ.

2005ರ ಜುಲೈನಲ್ಲಿ 23 ವರ್ಷದ ಯುವತಿಯೊಬ್ಬಳು ರಸ್ತೆ ಅಪಘಾತದಲ್ಲಿ ತಲೆಗೆ ತೀವ್ರ ಪೆಟ್ಟು ತಿಂದಳು. ಐದು ತಿಂಗಳಾದರೂ ಕರೆದರೆ ಓಗೊಡಲಿಲ್ಲ. ಕಣ್ಣು ತೆರೆಯುತ್ತಿದ್ದಳು, ಆದರೆ ಅರಿವಿನ ಯಾವ ಗುರುತೂ ವೈದ್ಯರಿಗೆ ಕಾಣಲಿಲ್ಲ. ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಅವಳನ್ನು ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ, 'ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೋ' ಎಂದರು. ಆಮೇಲೆ, 'ನಿನ್ನ ಮನೆಯ ಕೋಣೆಗಳಲ್ಲಿ ಓಡಾಡುತ್ತಿರುವಂತೆ ಕಲ್ಪಿಸಿಕೋ' ಎಂದರು.

ಮಿದುಳಿನ ಯಾವ ಭಾಗ ದುಡಿಯುತ್ತದೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಯಂತ್ರದ ಅಯಸ್ಕಾಂತ ಈ ವ್ಯತ್ಯಾಸವನ್ನು ಗುರುತಿಸುತ್ತದೆ. ಟೆನಿಸ್ ಎಂದಾಗ ಅವಳ ಮಿದುಳಿನಲ್ಲಿ ಚಲನೆಯನ್ನು ಯೋಜಿಸುವ ಭಾಗ ಚುರುಕಾಯಿತು. ಮನೆ ಎಂದಾಗ ಜಾಗಗಳನ್ನು ಗುರುತಿಸುವ ಭಾಗ ಎಚ್ಚೆತ್ತಿತು. ಆರೋಗ್ಯವಂತರಲ್ಲೂ ಹೀಗೆಯೇ ಆಗುತ್ತದೆ. 'ಟೆನಿಸ್' ಎಂಬ ಪದ ಕೇಳಿದ್ದರಿಂದಲೇ ಹೀಗಾಗಿರಬಾರದೇಕೆ ಎಂದು ಕೆಲವರು ಆಕ್ಷೇಪಿಸಿದರು. ಆದರೆ ಆ ಚಟುವಟಿಕೆ ಕ್ಷಣದಲ್ಲಿ ಆರಿಹೋಗದೆ, ವಿಶ್ರಮಿಸು ಎನ್ನುವವರೆಗೆ 30 ಸೆಕೆಂಡು ಉಳಿಯಿತು. ಕೈ ಕಾಲು ಆಡದಿದ್ದರೂ ಅವಳು ಮಾತು ಕೇಳಿ, ಅರ್ಥಮಾಡಿಕೊಂಡು, ನಡೆದುಕೊಂಡಿದ್ದಳು!

2006ರಲ್ಲಿ ಪ್ರಕಟವಾದ ಈ ಪ್ರಯೋಗ ಬೆಲ್ಜಿಯಂನ ಲಿಯೇಜ್ ನಗರದವರ ಜೊತೆಗೂಡಿ ಮುಂದುವರಿಯಿತು. 2010ರ ವರದಿಯಂತೆ 54 ರೋಗಿಗಳಲ್ಲಿ ಐವರು ಹೀಗೆ ಸ್ಪಂದಿಸಿದರು. ಅವರಲ್ಲೊಬ್ಬ 'ಹೌದು' ಎನ್ನಲು ಟೆನಿಸ್, 'ಇಲ್ಲ' ಎನ್ನಲು ಮನೆ ನೆನೆದು, ತನ್ನ ಬದುಕಿನ ಬಗ್ಗೆ ಕೇಳಿದ ಆರು ಪ್ರಶ್ನೆಗಳಲ್ಲಿ ಐದಕ್ಕೆ ಸರಿಯುತ್ತರ ಕೊಟ್ಟ. 2024ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಕೂಡಿ ನಡೆಸಿದ ಅಧ್ಯಯನದಲ್ಲಿ, ಹೊರಗೆ ಸ್ಪಂದಿಸದ 241 ರೋಗಿಗಳ ಪೈಕಿ 60 ಮಂದಿಯಲ್ಲಿ ಇಂಥ ಅರಿವು ಪತ್ತೆಯಾಯಿತು.

ಎಲ್ಲ ರೋಗಿಗಳೂ ಹೀಗಿರುತ್ತಾರೆ ಎಂದೇನಲ್ಲ. ಆದರೂ ಅಲುಗಾಡದೆ ಮಲಗಿದವರ ಹಾಸಿಗೆಯ ಪಕ್ಕದಲ್ಲಿ ನಿಂತು, 'ಇವರಿಗೇನು ಕೇಳಿಸುತ್ತೆ ಬಿಡಿ' ಎನ್ನುವ ಮುನ್ನ ಕೇಂಬ್ರಿಜ್‌ನ ಆ ಯುವತಿಯನ್ನು ನೆನೆಯುವುದು ಒಳ್ಳೆಯದು.